ತೊಂಬತ್ತನಾಲ್ಕನೆಯ ಪುಟದ ತನಕ ಬೀಳದಿರಲು ಕೋರಿ

ಮಾನ್ಯ ಸೇತುವೆಯವರಾದ ಶ್ರೀ ಬಿಆರ್ ಸೊನ್ನೆಯವರ ಸನ್ನಿಧಿಗೆ, ಮುಂದಿನ ಕೋಣೆಯ ಕಿಟಕಿ ಮೇಜಿನಿಂದ, ಅನೇಕಾನೇಕ ವಂದನೆಗಳು.

ನಿನ್ನೆ ತಮ್ಮನ್ನು ದಂಡಪಿಂಡ ಎಂದದ್ದನ್ನು ಈ ಮೂಲಕ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಕತ್ತೆ ಎಂದದ್ದರ ಬಗ್ಗೆ ಇನ್ನೂ ಯೋಚಿಸುತ್ತಿದ್ದೇನೆ. ಹಿಂದಿನ ಕೋಣೆಯಲ್ಲಿ ಎರಡು ನಿಮಿಷಕ್ಕೊಂದರಂತೆ ಪುಟ ಬೀಳುತ್ತಿದ್ದು, ತೊಂಬತ್ತನಾಲ್ಕರಲ್ಲಿ ಹನ್ನೆರಡು ಮಾತ್ರ ಆಗಿರುವ ಈ ಹೊತ್ತಿನಲ್ಲಿ ತಮ್ಮಂಥ ದೊಡ್ಡವರನ್ನು ಎದುರು ಹಾಕಿಕೊಳ್ಳುವ ಧೈರ್ಯ ನನಗಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರು ಲೋಕದಲ್ಲಿ ಬಹಳ. ನಾನಾದರೋ ಇನ್ನೂ ನಡುಹೊಳೆಯಲ್ಲಿದ್ದೇನೆ, ಹಾಗಾಗಿ ನನ್ನ ವಿನಯದಲ್ಲಿ ಯಾವ ಕಪಟವೂ ಇಲ್ಲವೆಂದು ತಾವು ನಂಬಬಹುದು. ಕೀಲಿಮಣೆ ಮುಟ್ಟಿದರೆ ತಮಗೆ ಎಲ್ಲಿ ಸಿಟ್ಟು ಬಂದೀತೋ ಎಂಬ ಅಂಜಿಕೆಯಿಂದ ಪೆನ್ನಿನಲ್ಲಿ ಬರೆಯುತ್ತಿದ್ದೇನೆ.

ಇದು ಬಹಿರಂಗ ಪತ್ರ. ನಾಳೆ ವಾಚನಾಲಯದ ಫಲಕಕ್ಕೆ ಅಂಟಿಸುವವನಿದ್ದೇನೆ. ಆದಕಾರಣ ತಾವು ಯಾರೆಂದು ಅರಿಯದ ಸಾರ್ವಜನಿಕರಿಗೆ ಎರಡು ಮಾತು. ತಾವು ಕಲ್ಲುಗಾರೆಯ ಸೇತುವೆಯಲ್ಲ, ಕೈಗೆ ಸಿಗುವ ವಸ್ತುವೂ ಅಲ್ಲ. ನಮ್ಮ ಮನೆಯ ಲಿನಕ್ಸ್ ಕಂಪ್ಯೂಟರಿನೊಳಗೆ ನಾನೇ ಮೂರು ಸಾಲು ಟೈಪು ಮಾಡಿ ಹುಟ್ಟಿಸಿದ, ಬಿಆರ್ ಸೊನ್ನೆ (br0) ಎಂಬ ಹೆಸರಿನ, ಕಣ್ಣಿಗೆ ಕಾಣದ ಸೇತುವೆ. ಹುಟ್ಟಿಸಿದವನಿಗೇ ಮೂರು ದಿನ ನೀರು ಕುಡಿಸಿದಿರಿ ಎಂಬುದು ದೂರಿನ ಸಾರಾಂಶ; ವಿವರ ಮುಂದಿದೆ. ಕಾಲೇಜಿನಲ್ಲಿ ಇಂಗ್ಲಿಷಿನ ಮೇಷ್ಟ್ರು ಇಂಥ ಪತ್ರವನ್ನು ‘ಐ ಬೆಗ್ ಟು ಬ್ರಿಂಗ್ ಟು ಯುವರ್ ಕೈಂಡ್’ ಎಂದು ಶುರುಮಾಡಲು ಕಲಿಸಿದ್ದರು. ಕೈಂಡ್ ಆದಮೇಲೆ ಏನು ಬರುತ್ತದೆಂಬುದು ನಲವತ್ತೈದು ವರ್ಷದಲ್ಲಿ ಸವೆದುಹೋಗಿದೆ. ಕೈಂಡ್ ಎಂಬುದೊಂದು ಉಳಿದಿರುವುದು ತಮ್ಮ ಭಾಗ್ಯ.

ನನ್ನಾಕೆ ಬ್ರೈಲ್ ಪುಸ್ತಕಗಳನ್ನು ತಯಾರಿಸುತ್ತಿದ್ದಳು. ನಾನು ಅಂಚೆ ಕಚೇರಿಯಲ್ಲಿ ದಿಕ್ಕುತಪ್ಪಿದ ಕಾಗದಗಳಿಗೆ ಸರಿಯಾದ ವಿಳಾಸ ಹುಡುಕುವ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತವನು. ಸಂಜೆ ಮನೆಗೆ ಬಂದರೆ ನಾನು ಪುಸ್ತಕವನ್ನು ಗಟ್ಟಿಯಾಗಿ ಓದಬೇಕು, ಅವಳು ಕೇಳುತ್ತ ಕೇಳುತ್ತ ಚುಕ್ಕೆಗಳಲ್ಲಿ ಟೈಪು ಮಾಡಬೇಕು. ಆಮೇಲೆ ಹಿಂದಿನ ಕೋಣೆಯಲ್ಲಿ ಸದ್ದಡಗಲೆಂದು ಕಂಬಳಿ ಹೊದ್ದು ಕೂತ ಯಂತ್ರ ಅದನ್ನು ದಪ್ಪ ಕಾಗದದ ಮೇಲೆ ಧಡಧಡ ಕುಟ್ಟಬೇಕು. ಎಷ್ಟು ಕಂಬಳಿ ಹೊದಿಸಿದರೂ ಅದರ ಬಾಯಿ ನಿಲ್ಲದ್ದರಿಂದ ನಾವು ಅದನ್ನು ಕುಟ್ಟಾಣಿ ಎಂದೇ ಕರೆಯುತ್ತಿದ್ದೆವು. ಅವಳ ಕೊನೆಯ ಪುಸ್ತಕ ಒಂದು ಪತ್ತೇದಾರಿ ಕಾದಂಬರಿ, ಗಡಿಯಾರದಂಗಡಿಯ ಮಾಲೀಕನ ಕೊಲೆಯ ಕಥೆ, ಬ್ರೈಲಿನಲ್ಲಿ ಐದು ಸಂಪುಟ. ನಾಲ್ಕು ಸಂಪುಟ ಕುಟ್ಟಿ ಕೊಟ್ಟಾಗಿತ್ತು. ಐದನೆಯದನ್ನು ಟೈಪು ಮಾಡಿ ಮುಗಿಸಿದವಳು ಕುಟ್ಟಿಸುವ ಮುನ್ನ ಹೊರಟುಹೋದಳು. ಅವಳ ಹಳೆಯ ಕಂಪ್ಯೂಟರೂ ಯಜಮಾನಿಯ ಹಿಂದೆಯೇ ಹದಿನೈದು ದಿನದಲ್ಲಿ ಕಣ್ಣುಮುಚ್ಚಿತು. ಇದಾಗಿ ಹದಿನಾಲ್ಕು ತಿಂಗಳು.

ಆ ಪುಸ್ತಕ ಯಾರಿಗಾಗಿ ತಯಾರಾಯಿತೋ ಅವರು ಎರಡು ಬೀದಿಯಾಚೆಯ ಪಿಯಾನೊ ಶ್ರುತಿಗಾರರು. ಹುಟ್ಟಿನಿಂದ ಕಣ್ಣು ಕಾಣದವರು. ನನ್ನಾಕೆಯನ್ನು ಅಕ್ಕ ಎನ್ನುತ್ತಿದ್ದರು, ನನ್ನನ್ನು ಟಪಾಲು ಸಾಹೇಬರು ಎನ್ನುತ್ತಾರೆ. ಪ್ರತಿ ಮಂಗಳವಾರ ಬಂದು, ಕೊಲೆ ಮಾಡಿದವಳು ಅಡುಗೆಯವಳೇ ಎಂದು ನಾಲ್ಕು ಸಂಪುಟದ ಸಾಕ್ಷ್ಯಸಮೇತ ವಾದಿಸಿ, ಚಹಾ ಕುಡಿದು ಹೋಗುತ್ತಾರೆ. ಓದಿ ಹೇಳಿದವನು ನಾನೇ ಆದ್ದರಿಂದ ಕೊಂದವರು ಯಾರೆಂದು ನನಗೆ ಗೊತ್ತು. ಆ ಹೆಸರನ್ನು ಹದಿನಾಲ್ಕು ತಿಂಗಳು ಬಿಸಿ ತುತ್ತಿನ ಹಾಗೆ ಬಾಯಲ್ಲಿಟ್ಟುಕೊಂಡು ನುಂಗಲೂ ಆಗದೆ ಉಗುಳಲೂ ಆಗದೆ ನಾನು ಪಟ್ಟ ಪಾಡು ತಮ್ಮಂಥ ನಿರ್ಲಿಪ್ತರಿಗೆ ತಿಳಿಯದು. ಒಮ್ಮೆ ತಡೆಯಲಾರದೆ “ಹೇಳಿಬಿಡ್ಲಾ?” ಎಂದದ್ದಕ್ಕೆ, “ಅಕ್ಕ ನನ್ನ ಕೈಗೆ ಕೊಡ್ತೀನಿ ಅಂದಿದ್ರು ಸಾಹೇಬ್ರೇ, ಕಿವಿಗಲ್ಲ. ನೀವು ಬಾಯಿ ಬಿಟ್ರೆ ಇವತ್ತಿಗೆ ನಮ್ಮ ಸ್ನೇಹ ಮುಗೀತು” ಎಂದು ಕೋಲನ್ನು ನೆಲಕ್ಕೆ ಕುಟ್ಟಿದರು.

ಇಷ್ಟೇ ಆಗಿದ್ದರೆ ಇನ್ನೊಂದು ವರ್ಷ ಬಾಯಿ ಕಟ್ಟಿಕೊಂಡಿರುತ್ತಿದ್ದೆ. ಆದರೆ ನಲವತ್ತು ವರ್ಷ ಪಿಯಾನೊದ ಗೂಟ ತಿರುಗಿಸಿ ತಿರುಗಿಸಿ ಅವರ ಬಲಗೈ ಮಣಿಕಟ್ಟಿನಲ್ಲಿ ನರ ಹಿಸುಕಿಹೋಗಿದೆ, ಬೆರಳ ತುದಿ ಜುಮುಗುಡುತ್ತದೆ, ನಾಳೆ ಬೆಳಿಗ್ಗೆ ಆಪರೇಷನ್. ಆರು ವಾರ ಪಟ್ಟಿ. ಆಮೇಲೆ ಚುಕ್ಕೆ ತಿಳಿಯುವಷ್ಟು ಸ್ಪರ್ಶ ಮರಳುತ್ತದೋ ಇಲ್ಲವೋ, ಅದನ್ನು ಬರೆದುಕೊಡಲಾರೆ ಎಂದರಂತೆ ವೈದ್ಯರು. ಅವರು ಓದುವುದು ಬಲಗೈ ತೋರುಬೆರಳಿನಿಂದ ಮಾತ್ರ. ಎಡಗೈ, ಅವರ ಮಾತಿನಲ್ಲೇ ಹೇಳುವುದಾದರೆ, “ಸ್ಕೂಲಿಗೇ ಹೋಗಿಲ್ಲ”. ಹೋದ ವಾರ ಬಂದವರು, “ಕತ್ತಿ ಬೀಳೋದ್ರೊಳಗೆ ಆ ಅಡುಗೆಯವಳನ್ನ ಜೈಲಿಗೆ ಕಳಿಸ್ಬೇಕಲ್ಲ ಸಾಹೇಬ್ರೇ” ಎಂದು ನಕ್ಕರು. ಆ ನಗು ಎಂದಿನಂತಿರಲಿಲ್ಲ.

ಅದೇ ದಿನ ಹಳೆಯ ಕಂಪ್ಯೂಟರನ್ನು ಮಗುವಿನಂತೆ ಎತ್ತಿಕೊಂಡು ರಿಪೇರಿಯಂಗಡಿಗೆ ಹೋದೆ. ಆ ಪುಣ್ಯಾತ್ಮರು ಅದರ ಡಿಸ್ಕಿನಲ್ಲಿದ್ದುದನ್ನೆಲ್ಲ ಹಾಗೆಯೇ ಎತ್ತಿ, ಲಿನಕ್ಸ್ ಕಂಪ್ಯೂಟರೊಂದರ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರು ಇದೆಯೆಂಬ ಭ್ರಮೆ ಹುಟ್ಟಿಸಿ, ಅದರೊಳಗೆ ಇಳಿಸಿಕೊಟ್ಟರು. ಇದಕ್ಕೆ ವರ್ಚುವಲ್ ಮಷಿನ್ ಎನ್ನುತ್ತಾರೆ. ತೆರೆದು ನೋಡಿದರೆ ಅವಳ ಪರದೆ ಇದ್ದ ಹಾಗೆಯೇ ಇತ್ತು. ಏನನ್ನೂ ಎಸೆಯಲಾರದ ಹೆಂಗಸು ‘ಇರಲಿ’ ಎಂದೊಂದು, ‘ಇದೂ ಇರಲಿ’ ಎಂದೊಂದು ಫೋಲ್ಡರು ಮಾಡಿಟ್ಟಿದ್ದಳು. ಐದನೆಯ ಸಂಪುಟ ಎರಡನೆಯದರಲ್ಲಿತ್ತು. ನಾನು ಸ್ವಲ್ಪ ಹೊತ್ತು ಕನ್ನಡಕ ಒರೆಸಿಕೊಂಡೆ; ಕನ್ನಡಕಕ್ಕೆ ಧೂಳು ಬಹಳ.

ಇನ್ನೇನು ಕುಟ್ಟಿಸುವುದೊಂದೇ ಬಾಕಿ ಎಂದುಕೊಂಡೆ. ಒಳಗಿನ ಕಂಪ್ಯೂಟರು ಹಿಂದಿನ ಕೋಣೆಯ ಕುಟ್ಟಾಣಿಯನ್ನು ಮಾತಾಡಿಸಬೇಕಲ್ಲ, ಅಲ್ಲಿಂದ ಶುರುವಾಯಿತು ತಮ್ಮ ಅವತಾರಕ್ಕೆ ಕಾರಣವಾದ ಕಥೆ. ಜಾಲದಲ್ಲಿ ಪ್ರತಿ ಯಂತ್ರಕ್ಕೂ ಅಂಕಿಗಳದೊಂದು ವಿಳಾಸವಿರುತ್ತದೆ; ಒಳಗಿನದರ ವಿಳಾಸವನ್ನು ನೋಡಿದರೆ ಅದರಲ್ಲಿ ನೂರಿಪ್ಪತ್ತೆರಡು ಎಂಬ ಬೀದಿ. ನಮ್ಮ ಮನೆಯ ಯಂತ್ರಗಳೆಲ್ಲ ಇರುವುದು ಒಂದು ಎಂಬ ಬೀದಿಯಲ್ಲಿ. ಇಲ್ಲದ ಬೀದಿಯಲ್ಲಿ ವಾಸವಾಗಿರುವವರನ್ನು ನಾನು ಸರ್ವೀಸಿನಲ್ಲಿ ಬಹಳ ಕಂಡಿದ್ದೇನೆ, ಅವರಿಗೆ ಯಾವತ್ತೂ ಕಾಗದ ತಲುಪಿದ್ದಿಲ್ಲ. ಇದನ್ನು ನನಗೆ ಬಿಡಿಸಿ ಹೇಳಿದವಳು ನನ್ನ ನಾದಿನಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು, ಪಕ್ಕದ ಮನೆಯಲ್ಲೇ ಇರುವವಳು, ಟೆಲಿಫೋನಿನ ಮುಂದೆ ಅಂಚೆ ಯಾವ ಲೆಕ್ಕ ಎಂಬ ವಾದವನ್ನು ಅಕ್ಕನ ಮದುವೆಯ ದಿನದಿಂದಲೂ ಬಿಡದವಳು. “ಭಾವ, ಇದು ಆಫೀಸಿನ ಎಕ್ಸ್‌ಟೆನ್ಷನ್ ಇದ್ದಂಗೆ. ಒಳಗಿನೋರು ಹೊರಗೆ ಮಾತಾಡ್ಬಹುದು, ಹೊರಗಿನೋರು ನೇರವಾಗಿ ಒಳಗೆ ರಿಂಗ್ ಮಾಡೋಕಾಗಲ್ಲ. ನಿಮ್ಮ ಕುಟ್ಟಾಣಿ ಕೊಟ್ಟಿದ್ದನ್ನ ತಗೊಳ್ಳೋ ಜಾತಿ ಅಲ್ಲ, ತಾನೇ ರಿಂಗ್ ಮಾಡಿ ಮುಂದಿನ ಪುಟ ಕೊಡಿ ಅಂತ ಕೇಳೋ ಜಾತಿ. ಅದಕ್ಕೆ ಡೈರೆಕ್ಟ್ ಲೈನ್ ಬೇಕು.” ಹೌದು ಮಾನ್ಯರೇ, ಪೆನ್‌ಡ್ರೈವ್ ಸಿಕ್ಕಿಸೋಣವೆಂದರೆ ಕುಟ್ಟಾಣಿಗೆ ಅಂಥ ಬಾಯೇ ಇಲ್ಲ. ಡೈರೆಕ್ಟ್ ಲೈನೆಂದರೆ ತಾವೇ. ಒಳಗಿನ ಕಂಪ್ಯೂಟರನ್ನು ಮನೆಯ ಬೀದಿಗೇ ತಂದು ನಿಲ್ಲಿಸುವ ಸೇತುವೆ.

ಸೋಮವಾರ ತಮ್ಮನ್ನು ಮೊದಲ ಬಾರಿ ಹುಟ್ಟಿಸಿದಾಗ ತಮ್ಮ ಒಂದು ಕಾಲನ್ನು ತಂತಿಯಿಲ್ಲದ ವೈಫೈ ಕಾರ್ಡಿನ ಮೇಲೆ ಊರಿಸಲು ಹೋದೆ. ಅದು ಒಪ್ಪಲಿಲ್ಲ. ಅದು ತನ್ನ ಮಾತು ಬಿಟ್ಟು ಬೇರೆಯವರ ಪರವಾಗಿ ಒಂದಕ್ಷರ ಸಾಗಿಸುವುದಿಲ್ಲವಂತೆ. ಇಂಥ ಗುಮಾಸ್ತರೂ ನಮ್ಮಲ್ಲಿದ್ದರು. ಸರಿ, ಪಡಸಾಲೆಯ ಉದ್ದಕ್ಕೂ ತಂತಿ ಎಳೆದು, ಕಂಪ್ಯೂಟರಿನ ತಂತಿ ಕಾರ್ಡಿಗೆ ಸಿಕ್ಕಿಸಿ, ತಮ್ಮ ಕಾಲನ್ನು ಅದರ ಮೇಲೆ ಊರಿಸಿದೆ. ನಾದಿನಿ ಅದಕ್ಕೆ ಎಡವಿ, ಬೀಳದೆ, ಬಿದ್ದಿದ್ದರೆ ಏನೇನು ಮುರಿಯುತ್ತಿತ್ತು ಎಂಬುದನ್ನು ವಿವರವಾಗಿ ಹೇಳಿದಳು.

ಮಂಗಳವಾರದ ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ, ಆದರೆ ಅದು ಗೌರವಾನ್ವಿತ ತಪ್ಪು. ರಿಪೇರಿಯವರು ಕೊಟ್ಟ ಮೂರು ಹಾಳೆ ಸೂಚನೆಯಲ್ಲಿ, ತಂತಿ ಕಾರ್ಡಿನ ವಿಳಾಸವನ್ನು ಅಳಿಸಿ ಸೇತುವೆಗೆ ಕೊಡತಕ್ಕದ್ದು ಎಂದು ಸ್ಪಷ್ಟವಾಗಿತ್ತು. ನಮ್ಮ ವಿಭಾಗದ ಮೊದಲ ನಿಯಮವೇನೆಂದರೆ, ಹೊಸ ವಿಳಾಸ ಖಾತ್ರಿಯಾಗುವ ತನಕ ಹಳೆಯದರ ಮೇಲೆ ಗೀಟು ಎಳೆಯಕೂಡದು. ಹಾಗಾಗಿ ನಾನು ಕಾರ್ಡಿನ ವಿಳಾಸವನ್ನು ಕಾರ್ಡಿಗೇ ಬಿಟ್ಟು, ಅದನ್ನೇ ತಮಗೂ ದಯಪಾಲಿಸಿದೆ. ಅಲ್ಲಿಗೆ ಇಡೀ ಮನೆಗೆ ಗ್ರಹಣ ಹಿಡಿಯಿತು. ನಮ್ಮದೇ ಜಾಲವನ್ನು ಬಳಸುವ ನಾದಿನಿ ಯಾವುದೋ ದೂರದೇಶದ ದಂತವೈದ್ಯರೊಡನೆ ಆನ್‌ಲೈನಿನಲ್ಲಿ ಚದುರಂಗ ಆಡುತ್ತಿದ್ದವಳು, ಇನ್ನು ಮೂರು ನಡೆಯಲ್ಲಿ ಗೆಲ್ಲಬೇಕಾದವಳು, ಹೊತ್ತು ಮೀರಿ ಸೋತಳು. “ಒಂದೇ ನಂಬರಿಗೆ ಎರಡು ಫೋನ್ ಇಟ್ರೆ ಎರಡೂ ಹಲೋ ಹಲೋ ಅಂತಾವೆ ಭಾವ, ಯಾರಿಗೂ ಏನೂ ಕೇಳಲ್ಲ! ಹಳೇದನ್ನ ಅಳಿಸಿ ಅಂದ್ರೆ ಅಳಿಸ್ಬೇಕು!” ಎಂದು ಬಾಗಿಲಲ್ಲಿ ನಿಂತು ಕೂಗಿದಳು. ಅಳಿಸುವುದು ಅಷ್ಟು ಸುಲಭವಲ್ಲ ಎಂದೆ. ಅವಳು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದು, ಪಕ್ಕದಲ್ಲಿ ಕೂತು, “ಅಳಿಸಿ. ನಾನಿದೀನಿ” ಎಂದಳು. ಅಳಿಸಿದೆ. ವಿಳಾಸ ತಮಗೆ ಬಂತು. ಒಳಗಿನ ಕಂಪ್ಯೂಟರಿಗೆ ನನ್ನಾಕೆಯ ಕಾಲದಲ್ಲಿದ್ದ ಹದಿನೇಳನೆಯ ನಂಬರನ್ನೇ ಮತ್ತೆ ಕೊಟ್ಟೆ, ಏಕೆಂದರೆ ಕುಟ್ಟಾಣಿ ಇಷ್ಟು ದಿನವೂ ಹದಿನೇಳಕ್ಕೇ ರಿಂಗ್ ಮಾಡುತ್ತ ಕೂತಿತ್ತು. ಅದಕ್ಕೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ ನೋಡಿ.

ಇಷ್ಟಾದರೂ ತಾವು ಉಸಿರೆತ್ತಲಿಲ್ಲ. ಬುಧವಾರ ಒಂಬತ್ತು ಸಲ ತಮ್ಮನ್ನು ಕಟ್ಟಿದೆ, ಇಪ್ಪತ್ತರವರೆಗೆ ಎಣಿಸಿದೆ, ಸದ್ದಿಲ್ಲ, ಒಂಬತ್ತು ಸಲ ಕೆಡವಿದೆ. ದಂಡಪಿಂಡ ಎಂದದ್ದು ನಾಲ್ಕನೆಯ ಸಲ, ಕತ್ತೆ ಎಂದದ್ದು ಎಂಟನೆಯ ಸಲ. ಪೇಷನ್ಸ್ ಈಸ್ ಬಿಟರ್, ಬಟ್ ಇಟ್ಸ್ ಫ್ರೂಟ್ ಏನೋ ಒಂದು, ಎಂದು ಕಾಲೇಜಿನಲ್ಲಿ ಓದಿದ್ದೆ; ಮೊದಲರ್ಧ ಮಾತ್ರ ನೆನಪಿರುವುದು ಕಾಕತಾಳೀಯವಲ್ಲ.

ಇವತ್ತು ಊಟವಾಗುತ್ತಿದ್ದಂತೆ ಶ್ರುತಿಗಾರರು ಆಸ್ಪತ್ರೆಯ ಚೀಲ ಹಿಡಿದೇ ಬಂದರು. “ಬಿಡಿ ಸಾಹೇಬ್ರೇ, ಆಗಲಿಲ್ಲ ಅಂದ್ರೆ ಆಗಲಿಲ್ಲ. ಅಡುಗೆಯವಳು ಹೊರಗೇ ಇರ್ಲಿ” ಎಂದರು. ನಾನು ಹತ್ತನೆಯ ಬಾರಿ ಕಟ್ಟುತ್ತಿದ್ದೆ. ನನ್ನ ಎಣಿಕೆ ಕೇಳಿ, “ಎಷ್ಟರತನಕ ಎಣಿಸ್ತೀರಿ?” ಎಂದರು. ಇಪ್ಪತ್ತು ಎಂದೆ. “ಅಷ್ಟೇನಾ! ಹೊಸ ತಂತಿ ಬಿಗಿದ್ರೆ ಅದು ನೆಲೆ ನಿಲ್ಲೋವರ್ಗೂ ನಾನು ಕೈಕಟ್ಟಿ ಕೂರ್ತೀನಿ. ಅವಸರ ಮಾಡಿ ಮತ್ತೆ ತಿರುಗಿಸೋನು ಶ್ರುತಿಗಾರ ಅಲ್ಲ, ಬಡಗಿ. ತೆಗೀರಿ ಕೈ” ಎಂದು ಆ ಜುಮುಗುಡುವ ಅಂಗೈಯನ್ನು ನನ್ನ ಕೈಮೇಲಿಟ್ಟು ಅದುಮಿಬಿಟ್ಟರು. ಇಪ್ಪತ್ತಾಯಿತು. ಇಪ್ಪತ್ತೈದಾಯಿತು. ಮೂವತ್ತೆರಡೋ ಮೂವತ್ತಮೂರೋ ಆಗಿರಬೇಕು, ಹಿಂದಿನ ಕೋಣೆಯಲ್ಲಿ ಕಂಬಳಿಯೊಳಗಿಂದ ಹದಿನಾಲ್ಕು ತಿಂಗಳ ಮೇಲೆ ಮೊದಲ ಬಾರಿಗೆ ಧಡ್ ಎಂದಿತು. “ರಿಂಗ್ ಆಯ್ತು ಭಾವ! ಟೆಲಿಫೋನ್ ಗೆದ್ದಿತು!” ಎಂದು ನಾದಿನಿ ಕುಣಿದಳು. ವಿಳಾಸ ಸರಿಯಿದ್ದದ್ದರಿಂದ ಗೆದ್ದದ್ದು ಎಂದು ದಾಖಲೆಗಾಗಿ ಇಲ್ಲಿ ಬರೆದಿಡುತ್ತೇನೆ.

ಆಮೇಲೆ ರಿಪೇರಿಯವರ ಆ ಹಾಳೆಗಳನ್ನು ತಿರುವಿದರೆ, ಮೂರನೆಯದರ ಬುಡದಲ್ಲಿ ಇರುವೆಯಂಥ ಅಕ್ಷರದಲ್ಲಿ ಇತ್ತು: ಸೇತುವೆಯು ಹುಟ್ಟಿದ ಕೂಡಲೇ ಹದಿನೈದು ಸೆಕೆಂಡು ಕೇಳಿಸಿಕೊಳ್ಳುತ್ತದೆ, ಇನ್ನು ಹದಿನೈದು ಸೆಕೆಂಡು ಕಲಿಯುತ್ತದೆ, ಆಮೇಲಷ್ಟೇ ಮಾತನ್ನು ಸಾಗಿಸುತ್ತದೆ. ಮಾನ್ಯರೇ, ನನ್ನ ಸಿಟ್ಟೆಲ್ಲ ಅಲ್ಲಿಯೇ ಇಳಿದುಹೋಯಿತು. ಮೊದಲು ಕೇಳಿ, ಆಮೇಲೆ ಕಲಿತು, ಕೊನೆಗೆ ಬಾಯಿ ತೆರೆಯುವ ಒಬ್ಬನೇ ಒಬ್ಬ ಮೇಲಧಿಕಾರಿಯನ್ನು ಮೂವತ್ತೊಂದು ವರ್ಷದಲ್ಲಿ ನಾನು ಕಂಡಿರಲಿಲ್ಲ. ಕೊನೆಗೂ ಕಂಡೆ, ಅವರನ್ನು ಒಂಬತ್ತು ಸಲ ಕೆಡವಿದೆ. “ಅಕ್ಕನ ಮಾತನ್ನ ನೀವು ಯಾವತ್ತಾದ್ರೂ ಹದಿನೈದು ಸೆಕೆಂಡು ಕೇಳಿದ್ರಾ ಭಾವ?” ಎಂದು ನಾದಿನಿ ಕೇಳಿದಳು. ಓದಿ ಹೇಳುತ್ತಿದ್ದವನು ನಾನು, ಕೇಳುತ್ತಿದ್ದವಳು ಅವಳು, ಅದೇ ಒಪ್ಪಂದವಾಗಿತ್ತು ಎಂದೆ. ಉತ್ತರ ಅಷ್ಟೇನೂ ಚೆನ್ನಾಗಿರಲಿಲ್ಲ.

ಈಗ ಅರವತ್ತೊಂದನೆಯ ಪುಟ. ಶ್ರುತಿಗಾರರು ಕುಟ್ಟಾಣಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಬಿದ್ದ ಪುಟವನ್ನು ಬಿದ್ದ ಹಾಗೆ ಓದುತ್ತಿದ್ದಾರೆ. ಬೆರಳು ಜುಮುಗುಟ್ಟಿದಾಗ ಕೈ ಕೊಡವಿ ಮತ್ತೆ ಶುರುಮಾಡುತ್ತಾರೆ. ನಾದಿನಿ ಕಾಗದ ಮಡಚುತ್ತಿದ್ದಾಳೆ. ಈ ಹಂತದಲ್ಲಿ ನನ್ನ ಕೋರಿಕೆಗಳನ್ನು ಸಲ್ಲಿಸುವುದು ಸೂಕ್ತ. ತಾವು ದಯಮಾಡಿ ತೊಂಬತ್ತನಾಲ್ಕು ಮುಗಿಯುವ ತನಕ ಬೀಳಬಾರದು, ಆಕಳಿಸಲೂ ಬಾರದು. ಅಪ್‌ಡೇಟ್ ಎಂಬ ನೆಂಟರು ಬಾಗಿಲು ಬಡಿದರೆ ಮನೆಯಲ್ಲಿ ಯಾರೂ ಇಲ್ಲವೆಂದು ಹೇಳತಕ್ಕದ್ದು. ಅಂಚೆ ದೊಡ್ಡದೋ ಟೆಲಿಫೋನ್ ದೊಡ್ಡದೋ ಎಂಬ ವ್ಯಾಜ್ಯದಲ್ಲಿ ತಾವು ಎರಡೂ ಕಡೆಗೆ ಕಾಲು ಚಾಚಿದವರಾದ್ದರಿಂದ ಸೂಕ್ತ ತೀರ್ಪು ಕೊಡಬೇಕು, ಸೂಕ್ತವೆಂದರೆ ಅಂಚೆ. ಕೊನೆಯದೊಂದು: ವಿಳಾಸ ಬಿಟ್ಟುಹೋಗದವರಿಗೆ ಬಂದ ಕಾಗದಗಳನ್ನು ಇಡಲು ನಮ್ಮ ವಿಭಾಗದಲ್ಲಿ ಒಂದು ಹಸಿರು ಕಪಾಟಿತ್ತು, ಅದರಿಂದ ಒಂದೂ ಕಾಗದ ಹೊರಗೆ ಹೋದದ್ದನ್ನು ನಾನು ಕಂಡಿಲ್ಲ. ತಮ್ಮ ಕಾಲು ಅಷ್ಟು ದೂರ ಎಟುಕುವುದಾದರೆ ನನ್ನಾಕೆ ಹೋದ ಆ ಕಡೆಯಿಂದ ಒಂದೇ ಒಂದು ಪುಟ ಸಾಗಿಸಿಕೊಡಿ. ಹೆಚ್ಚು ಬೇಡ, ಸಾಲು ಬಿಟ್ಟು ಬರೆದದ್ದಾದರೂ ಸರಿ.

ಎಂಬತ್ತೆಂಟು. ಹಿಂದಿನ ಕೋಣೆಯಿಂದ “ಅಯ್ಯಯ್ಯೋ! ಆ ಹೆಂಗಸಿಗೆ ಎಷ್ಟು ಬೈದ್ನಲ್ರೀ!” ಎಂಬ ಕೂಗು ಕೇಳಿತು. ಎ ಗ್ರೇಟ್ ರಿಲೀಫ್, ಮಾನ್ಯರೇ. ಹದಿನಾಲ್ಕು ತಿಂಗಳ ಬಿಸಿ ತುತ್ತು ಇಳಿಯಿತು. ಈ ಪತ್ರದ ಮೂಲಕ ಅಡುಗೆಯವಳು ನಿರಪರಾಧಿ ಎಂದಷ್ಟು ಬಹಿರಂಗವಾದರೆ ಆಗಲಿ ಪಾಪ. ಕೊಂದವರ ಹೆಸರನ್ನು ಫಲಕಕ್ಕೆ ಅಂಟಿಸುವವನು ನಾನಲ್ಲ.

ತೊಂಬತ್ತನಾಲ್ಕು. ಕುಟ್ಟಾಣಿ ನಿಂತಿತು, ತಾವು ನಿಂತೇ ಇದ್ದೀರಿ. ಆದರೆ ನಡೆದದ್ದು ಇದು. ಕಥೆ ತೊಂಬತ್ತಮೂರಕ್ಕೇ ಮುಗಿಯಿತಂತೆ. ತೊಂಬತ್ತನಾಲ್ಕರಲ್ಲಿರುವುದು ನಾನು ಓದಿ ಹೇಳಿದ್ದಲ್ಲ. ಪುಸ್ತಕ ತಯಾರಿಸಿದವರ ಟಿಪ್ಪಣಿಯಂತೆ, ಅವಳೇ ಬರೆದು ಸೇರಿಸಿದ್ದು. ಶ್ರುತಿಗಾರರು ಅದನ್ನು ಓದಿ ಗಹಗಹಿಸಿ ನಕ್ಕರು, ಅದೇ ಸಾಲಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿದರು, ಮತ್ತೆ ನಕ್ಕರು. ನಾನು ಓಡಿಹೋಗಿ ಏನು ಬರೆದಿದ್ದಾಳೆ ಎಂದು ಕೇಳಿದೆ. ಅವಳ ಜೊತೆ ಮೂವತ್ತೈದು ವರ್ಷ ಕೂತರೂ ಆ ಚುಕ್ಕೆಗಳಲ್ಲಿ ಒಂದಕ್ಷರವನ್ನೂ ನಾನು ಕಲಿಯಲಿಲ್ಲ, ನಾದಿನಿಗೂ ಬಾರದು. “ಹೇಳಲ್ಲ” ಎಂದರು. “ಹದಿನಾಲ್ಕು ತಿಂಗಳು ನೀವು ಬಾಯಿ ಕಟ್ಟಿಕೊಂಡ್ರಿ, ಈಗ ನನ್ನ ಸರದಿ. ಇಷ್ಟು ಮಾತ್ರ ಹೇಳ್ತೀನಿ, ನೀವೂ ನನ್ನಂಥೋರೇ ಸಾಹೇಬ್ರೇ.” ನಾನು ಗೋಗರೆದೆ. ಆಗ ಆ ಪುಟವನ್ನು ಮಡಚದೆ ನನ್ನ ಕೈಗೇ ಕೊಟ್ಟು ಹೇಳಿದರು: “ಜೋಪಾನವಾಗಿಡಿ. ಪಟ್ಟಿ ಬಿಚ್ಚಿದ ದಿನ ಇಲ್ಲಿಗೇ ಬರ್ತೀನಿ. ಬೆರಳಿಗೆ ಓದು ಬರತ್ತೋ ಇಲ್ವೋ, ಪರೀಕ್ಷೆ ಇದರ ಮೇಲೇ. ಗಟ್ಟಿಯಾಗಿ ಓದ್ತೀನಿ, ನೀವು ಕೂತು ಕೇಳ್ಬೇಕು.”

ನಾಳೆಗೆ ಒಂದು ರಾತ್ರಿಯಷ್ಟೇ ಉಳಿದಿದ್ದರೂ ಅವರು ಎದ್ದು ಹೊರಡದೆ, ಈಗ ಮತ್ತೆ ಒಂದನೆಯ ಪುಟದಿಂದ, ಕೊಲೆಗಾರ ಎಲ್ಲೆಲ್ಲಿ ಸುಳಿವು ಬಿಟ್ಟಿದ್ದ ಎಂದು ಬೆರಳಾಡಿಸುತ್ತ ಕೂತಿದ್ದಾರೆ. ಆ ಪುಟ ನನ್ನೆದುರು ಕಿಟಕಿ ಮೇಜಿನ ಮೇಲಿದೆ. ಸವರಿದರೆ ಅಂಗೈಗೆ ಕಚಗುಳಿ. ಇನ್ನೂ ಬರೆಯುವುದು ಬಹಳವಿತ್ತು, ಆದರೆ ಹೊರಗೆ ಬೆಳಕು ಇಳಿದಿದೆ, ನನಗೆ ಸಾಲು ಕಾಣುತ್ತಿಲ್ಲ. ಹಿಂದಿನ ಕೋಣೆಯಲ್ಲೂ ಯಾರೂ ದೀಪ ಹಾಕಿಲ್ಲ. ಅಲ್ಲಿ ಓದು ಮಾತ್ರ ನಡೆದೇ ಇದೆ.

ಇತಿ, ಒಂಬತ್ತು ಸಲ ಕೆಡವಿ ಹತ್ತನೆಯ ಸಲ ತಲೆಬಾಗಿದ,
ತಮ್ಮ ವಿಶ್ವಾಸಿ,
ಟಪಾಲು ಸಾಹೇಬ

ಮರೆತ ಮಾತು: ಆ ತೊಂಬತ್ತನಾಲ್ಕನೆಯ ಪುಟ ತಮ್ಮ ಮೈಮೇಲೆ ಹಾದೇ ಹೋದದ್ದು. ಹಾದುಹೋಗುವ ಕಾಗದವನ್ನು ಬಿಚ್ಚಿ ಓದಬಾರದೆಂಬ ನಿಯಮವನ್ನು ನಾನೂ ಸರ್ವೀಸಿನುದ್ದಕ್ಕೂ ಪಾಲಿಸಿದವನು, ತಾವೂ ಪಾಲಿಸಿರುತ್ತೀರಿ, ಮೆಚ್ಚಿದೆ. ಆದರೂ, ಕೊನೆಯ ಅಧ್ಯಾಯ ಓದುವ ತನಕ ನಾನೂ ಅಡುಗೆಯವಳೇ ಎಂದು ಹಟ ಹಿಡಿದು ನನ್ನಾಕೆಯೊಡನೆ ಪಂತ ಕಟ್ಟಿದ್ದ ಸಂಗತಿಯೇನಾದರೂ ಅದರಲ್ಲಿದ್ದರೆ, ತಂತಿ ಕಾರ್ಡಿನ ಹಸಿರು ದೀಪವನ್ನು ಒಂದು ಸಲ ಆರಿಸಿ ಹೊತ್ತಿಸಿ ಸಾಕು. ಕತ್ತೆ ಎಂದದ್ದನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇಲ್ಲವಾದರೆ ಆರು ವಾರ ಆ ಮಾತು ಹಾಗೆಯೇ ಇರತಕ್ಕದ್ದು.